ಶುಶುವಿನ ಬಚ್ಚಿಟ್ಟ ಹೆಸರು

ಗುಂಡಿನ ಸದ್ದು ಯಾವ ಕಡೆಯಿಂದ ಬಂತೋ ಅಂದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಪೊಲೀಸರು ಅಂದರು ಕೆಲವರು, ಬಂದೂಕು ಹಿಡಿದ ಗ್ಯಾಂಗಿನ ಹುಡುಗರು ಅಂದರು ಕೆಲವರು. ನಮ್ಮ ಪೋರ್ಟ್-ಔ-ಪ್ರಿನ್ಸ್ ನಗರದಲ್ಲಿ ಅದನ್ನೆಲ್ಲ ವಿಚಾರಿಸುತ್ತಾ ನಿಂತರೆ ಉಳಿಗಾಲವುಂಟೇ? ಮೇಲಿನವರು ಕೆಳಕ್ಕೆ ಓಡಿದರು, ಕೆಳಗಿನವರು ಮೇಲಕ್ಕೆ ಓಡಿದರು. ಜೋಳದ ಗಂಜಿ ಮಾರುವ ನಾನು ಕೈಯಲ್ಲಿ ಸೌಟು ಹಿಡಿದೇ ಓಡಿದೆ. ಪಾತ್ರೆ ಒಲೆಯ ಮೇಲೇ ಉಳಿಯಿತು.

ಪಕ್ಕದ ಮನೆಯ ಗೆರ್ಲಿನ್, ಮಗಳು ಶುಶು ಅಜ್ಜಿಯ ಜೊತೆ ಇದ್ದಾಳೆ ಅಂದುಕೊಂಡಳು. ಅವಳ ಅತ್ತೆ ಯಾಯಾ ಅಜ್ಜಿ, ಮಗು ತಾಯಿಯ ಜೊತೆ ಇದೆ ಅಂದುಕೊಂಡರು. ಚರ್ಚಿನ ಅಂಗಳದಲ್ಲಿ ಒಬ್ಬರನ್ನೊಬ್ಬರು ಕಂಡಾಗ ಇಬ್ಬರ ಕೈಯೂ ಖಾಲಿ.

ಆಮೇಲಿನದು ಬರೀ ಗೊಂದಲ. ಮಗುವನ್ನು ಮಾರುಕಟ್ಟೆಯಲ್ಲಿ ಕಂಡೆ ಅಂದ ಒಬ್ಬ. ಇಲ್ಲ, ಬಂದರಿನ ಹತ್ತಿರ ಅಂದ ಇನ್ನೊಬ್ಬ. ದಾರಿಗಳೆಲ್ಲ ಮುಚ್ಚಿದ್ದವು. ಗೆರ್ಲಿನ್ ರೇಡಿಯೊದವರಿಗೆ ಫೋನ್ ಮಾಡಿ ಮಗಳ ಹೆಸರು ಹೇಳಿದಳು: ವೊಡ್ಲಿನ್ ಸೆನ್ವಿಲ್, ಐದು ವರ್ಷ. ದಿನವೂ ಬೆಳಿಗ್ಗೆ ಆ ಹೆಸರು ಕೇಳಿಬರುತ್ತಿತ್ತು. ಎಲ್ಲಿಂದಲೂ ಉತ್ತರವಿಲ್ಲ. ಮಗು ಹೋಗೇಬಿಟ್ಟಿತು ಅನ್ನಿಸಿ ನನಗೆ ಗೆರ್ಲಿನ್ ಮುಖ ನೋಡಲೂ ಆಗುತ್ತಿರಲಿಲ್ಲ.

ದಾರಿ ತೆರೆದ ದಿನ ಗೆರ್ಲಿನ್, ಯಾಯಾ ಅಜ್ಜಿ, ನಾನು ಹುಡುಕುತ್ತಾ, ಓಡಿಬಂದವರು ತಂಗಿದ್ದ ಒಂದು ಶಾಲೆಗೆ ಹೋದೆವು. ಶುಶು ಮೆಟ್ಟಿಲ ಮೇಲೆ ಕೂತು ಕರಿದ ಬಾಳೆಕಾಯಿ ತಿನ್ನುತ್ತಿದ್ದಳು. ಪಕ್ಕದಲ್ಲೇ ರೇಡಿಯೊ. ಗೆರ್ಲಿನ್ ಅಲ್ಲೇ ಕುಸಿದು ಮಗಳನ್ನು ಅಪ್ಪಿಕೊಂಡು ಅತ್ತಳು.

ಅಲ್ಲಿನ ನರ್ಸ್ ಮಿಸ್ಲೆನ್ ತಬ್ಬಿಬ್ಬಾದರು. "ವೊಡ್ಲಿನ್ ಅಂದ್ರೆ ಇವಳೇನಾ? ಇವಳ ಎದುರಿಗೇ ಆ ಹೆಸರು ಕೂಗಿದ್ದೀನಿ, ತಲೆ ಎತ್ತಿ ಕೂಡ ನೋಡ್ಲಿಲ್ಲ. ಕೇಳಿದ್ರೆ ಶುಶು ಅಂತಾಳೆ. ಅಮ್ಮನ ಹೆಸರೇನು ಅಂದ್ರೆ ಅಮ್ಮ ಅಂತಾಳೆ. ಇಲ್ಲಿ ಶುಶುಗಳಿಗೇನು ಬರವೇ ತಾಯಿ?"

ತನಗೆ ಅಂಥದೊಂದು ಹೆಸರಿದೆ ಅಂತ ಆ ಮಗುವಿಗೆ ಯಾರಾದರೂ ಹೇಳಿದ್ದರೆ ತಾನೇ? ನಮ್ಮಲ್ಲಿ ಹಾಗೇ. ನಿಜವಾದ ಹೆಸರನ್ನು ಬಚ್ಚಿಟ್ಟು ಮುದ್ದು ಹೆಸರಲ್ಲಿ ಕೂಗುತ್ತೇವೆ, ಮಾಟ ಮಾಡುವವರ ಕಿವಿಗೆ ಬೀಳದಿರಲಿ ಅಂತ.

ಮಗುವಿಗೆ ಪೂರ್ತಿ ಹೆಸರು ಕಲಿಸಿ ಎಂದು ಮಿಸ್ಲೆನ್ ಹೇಳಿದಾಗ ಯಾಯಾ ಅಜ್ಜಿ ಸಿಡುಕಿದರು. "ಹೆಸರು ಹೊರಗೆ ಬಿದ್ರೆ ಕೆಟ್ಟವರ ಕೈಗೆ ಸಿಗುತ್ತೆ. ನಿಂಗೇನು ಗೊತ್ತಮ್ಮಾ?"

"ಅಜ್ಜೀ, ಗುಂಡು ಹಾರಿಸೋನು ಯಾರ ಹೆಸರೂ ಕೇಳಲ್ಲ. ಹುಡುಕೋರು ಕೇಳ್ತಾರೆ."

ಅಜ್ಜಿ ಮುಖ ತಿರುಗಿಸಿ ಕೂತರು. ಗೆರ್ಲಿನ್ ಮಾತ್ರ ಅಲ್ಲೇ ಶುರುಮಾಡಿದಳು: ನೀನು ವೊಡ್ಲಿನ್ ಸೆನ್ವಿಲ್, ಅಮ್ಮ ಗೆರ್ಲಿನ್ ಸೆನ್ವಿಲ್. ಶುಶುಗೆ ಅದೆಲ್ಲ ಬೇರೆ ಯಾರದೋ ಹೆಸರು ಅನ್ನಿಸಿ ನಗು ಬಂತು. ಅಜ್ಜಿ ಹೆಸರೇನು ಎಂದು ಕೇಳಿದಳು. ಗೆರ್ಲಿನ್ ಅತ್ತೆಯ ಕಡೆ ತಿರುಗಿದಳು. ಯಾಯಾ ಅನ್ನುವುದು ಓಣಿಯವರು ಕರೆಯುವ ಹೆಸರು. ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ ಸೊಸೆಗೂ ಅವರ ನಿಜವಾದ ಹೆಸರು ತಿಳಿಯದು.

ಅಜ್ಜಿ ಸುತ್ತ ನೋಡಿದರು. ಮಗುವನ್ನು ತೊಡೆಗೆ ಎಳೆದುಕೊಂಡು, ನಮಗೆಲ್ಲ ಕೇಳುವಂತೆಯೇ ಹೇಳಿದರು.

"ಅಲ್ಸಿಮೇನ್ ಸೆನ್ವಿಲ್. ಹೇಳು ಕೂಸೇ. ಇನ್ನೊಂದ್ಸಲ ಹೇಳು."

ಅಕ್ಕ, ಅಣ್ಣ, ಗುಂಡು ಮತ್ತೆ ಯಾವಾಗ ಹಾರುತ್ತದೋ, ಯಾಕೆ ಹಾರುತ್ತದೋ ನನಗೆ ಗೊತ್ತಿಲ್ಲ. ಇಷ್ಟು ಗೊತ್ತು. ನಿಮ್ಮ ಮಗುವನ್ನು ಈಗಲೇ ಹತ್ತಿರ ಕರೆಯಿರಿ. ಅದರ ಪೂರ್ತಿ ಹೆಸರು, ನಿಮ್ಮ ಪೂರ್ತಿ ಹೆಸರು ಬಾಯಿಬಿಟ್ಟು ಹೇಳಿಸಿ. ಓಡಬೇಕಾಗಿ ಬಂದರೆ ಅದರ ಕೈ ಯಾರು ಹಿಡಿಯಬೇಕು ಅನ್ನುವುದನ್ನೂ ಇವತ್ತೇ ಮಾತಾಡಿಕೊಳ್ಳಿ. ಒಲೆಯ ಮೇಲಿನ ಗಂಜಿ ಆಮೇಲೆ ಬೇಯಲಿ.