ಗೇಟಿನ ಮುಂದೆ ಒಡೆದ ಕಲ್ಲಂಗಡಿ

೧

ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ಎರಡು ಬಾವುಟಗಳ ಮುಂದೆ ದೊಡ್ಡವರು ಕೈಕುಲುಕಿದ ಫೋಟೋದಿಂದಲೇ? ಹಾಗೊಂದು ಡ್ರಾಫ್ಟ್ ಬರೆದೆ. ‘ಆರ್ಥಿಕ ಸಹಭಾಗಿತ್ವ’ ಎಂಬ ಮಾತೇ ತುಂಬಿಕೊಂಡು ಮನುಷ್ಯರಿಗೆ ಜಾಗ ಉಳಿಯಲಿಲ್ಲ. ಹರಿದೆ.

(ಇಂಥ ಕಥೆಗಳಲ್ಲಿ ಹೊರಗಿನಿಂದ ಬರುವ ದೊಡ್ಡ ದೇಶ ಯಾವಾಗಲೂ ಬೇರೆಯವರದು. ಇದರಲ್ಲಿ ಅದು ನಮ್ಮದೇ. ಓದುಗರೇ, ನನಗೂ ಮುಜುಗರವಾಗುತ್ತಿದೆ.)

೨

ಎರಡನೇ ಡ್ರಾಫ್ಟ್. ನಮ್ಮ ದೇಶದ ನೆರವಿನಲ್ಲಿ ಆಫ್ರಿಕಾದ ಒಂದು ಬಡ ದೇಶದಲ್ಲಿ ರೈಸ್ ಮಿಲ್ ಎದ್ದಿತು. ಯಂತ್ರ ಕೂಡಿಸಲು ಕಾರಟಗಿಯ ಫಿಟರ್ ಯಂಕೋಬ ಹೋದ. ಕಾವಲು ಆ ದೇಶದ ಹೊಣೆ. ಆ ದೇಶಕ್ಕೋ ತನ್ನ ಪೊಲೀಸ್ ಠಾಣೆಗಳನ್ನೇ ಕಾಯಲಾಗುತ್ತಿರಲಿಲ್ಲ. ಬೈಕುಗಳ ಮೇಲೆ ಬಂದೂಕಿನವರು ಬಂದರು, ಯಂಕೋಬನನ್ನು ಎತ್ತಿಕೊಂಡು ಹೋದರು. ಆಮೇಲೆ ಸುದ್ದಿಯಿಲ್ಲ.

ಮುಗಿಯಿತು ಅಂದುಕೊಂಡೆ. ಅವನ ಹೆಂಡತಿ ಹುಲಗಮ್ಮ ನನ್ನ ಹಾಳೆಯ ಮೇಲೆ ಬಂದು ಕುಳಿತಳು.

“ತಂಗಿ, ಕಲ್ಲಂಗಡಿ ಯಾಕ ಬಿಟ್ಟಿ?”

“ಅದು ಬ್ಯಾಡ ಬಿಡಕ್ಕ.”

“ಬರಿ. ನನ್ನ ಮುಲಾಜು ನೋಡಬ್ಯಾಡ.”

೩

ಸರಿ. ಅಮಾವಾಸ್ಯೆಯ ದಿನ ವಿಡಿಯೋ ಕಾಲ್‌ನಲ್ಲಿ ಹುಲಗಮ್ಮ ಗಂಡನನ್ನು ಕೇಳಿದಳು: “ಹೊಸಾ ಮಿಲ್ಲು. ದೃಷ್ಟಿ ತಗದ್ರೇನು? ಗೇಟಿನ ಮುಂದ ಬೂದಗುಂಬಳಕಾಯಿ ಒಡೀರಿ.”

“ಇಲ್ಲಿ ಎಲ್ಲಿ ಸಿಗಬೇಕ ಅದು? ಕಲ್ಲಂಗಡಿ ಅದಾವ ನೋಡು, ಗುಡ್ಡದಂಗ ಒಟ್ಟ್ಯಾರ.”

“ಅದನ್ನ ಒಡೀರಿ. ದೇವ್ರಿಗೆ ತಿಳೀತೈತಿ.”

ದೇವರಿಗೆ ತಿಳಿಯಿತೋ ಏನೋ, ಕಾವಲುಗಾರರಿಗೆ ತಿಳಿಯಲಿಲ್ಲ. ಸಂಜೆ ಪಾಳಿಗೆ ಬಂದವರು ಗೇಟಿನ ಮುಂದೆ ಕುಂಕುಮ, ಸುಟ್ಟ ಕರ್ಪೂರ, ಚೆಲ್ಲಿದ ಕೆಂಪು ತಿರುಳು ಕಂಡರು. ಬಂದೂಕಿನವರು ಬರುವ ಮುಂಚೆ ಇಟ್ಟುಹೋದ ಗುರುತೆಂದು ಬೆದರಿ, ಗೇಟು ಬಿಟ್ಟು ಓಡಿದರು. ಮಾರನೇ ದಿನ ಬಂದೂಕಿನವರು ತೆರೆದ ಗೇಟಿನಲ್ಲೇ ಒಳಗೆ ಬಂದರು. ಅದೇ ಮಿಲ್ಲಿನ ಎಲೆಕ್ಟ್ರಿಷಿಯನ್, ಶ್ರೀರಾಮನಗರದ ನಜೀಬ, ತಪ್ಪಿಸಿಕೊಂಡು ಬಂದು ಹೇಳಿದ್ದು ಇಷ್ಟು.

“ನಾ ಹೇಳಲಿಲ್ಲಂದ್ರ ಕಾವಲಿನವ್ರು ಇರ್ತಿದ್ರು,” ಎಂದಳು ಹುಲಗಮ್ಮ.

“ಇದ್ದಿದ್ರ ಆ ಕಾವಲಿನವ್ರು ಸಾಯ್ತಿದ್ರು, ಅಕ್ಕ.”

“ನಿನಗ ಹೆಂಗ ಗೊತ್ತ?”

ಗೊತ್ತಿಲ್ಲ. ಬರೆಯುವವರಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ಬರೆಯುವವರೇ ಎಬ್ಬಿಸಿದ ಪುಕಾರು.

೪

ಕೆಲವು ಅಂತ್ಯಗಳು. ಆರಿಸಿಕೊಳ್ಳಿ.

ಅ) ಯಂಕೋಬ ಗಂಗಾವತಿ ಬಸ್ಸಿನಿಂದ ಇಳಿಯುತ್ತಾನೆ. (“ಸುಳ್ಳಾದ್ರ ನೀ ಬಂದು ನನ್ನ ಸಮಾಧಾನ ಮಾಡ್ತೀ ಏನು?” ಎಂದಳು ಹುಲಗಮ್ಮ. ಕಾಟು ಹೊಡೆದೆ.)

ಆ) ಒಂದು ಪೆಟ್ಟಿಗೆ ಬರುತ್ತದೆ. (ಪೆನ್ನನ್ನೇ ಕಸಿದುಕೊಂಡಳು.)

ಇ) ‘ಈ ಘಟನೆಯಿಂದ ಸಹಭಾಗಿತ್ವಕ್ಕೆ ಧಕ್ಕೆಯಿಲ್ಲ’ ಎಂದು ಎರಡೂ ಕಡೆಯವರು ಪ್ರೆಸ್ ನೋಟ್ ಕೊಡುತ್ತಾರೆ.

“ಅದೇನದು ಸಹಭಾಗಿತ್ವ?”

“ಪಾಲು ಅಂದಂಗ, ಅಕ್ಕ.”

“ನಮ್ಮ ಕಡಿ ಹೊಲ ಪಾಲಿಗೆ ಹಾಕಿದ್ರ, ಬೆಳಿ ಹೋದ್ರ ಇಬ್ಬರ್ದೂ ಹೋಗತೈತಿ. ಇದೆಂಥಾ ಪಾಲು ತಂಗಿ, ಹೋಗಿದ್ದೆಲ್ಲಾ ನಂದ?”

(ಇ) ಅಂತ್ಯವೇ ಅಲ್ಲ ಎಂದು ಆಗ ಹೊಳೆಯಿತು. ಧಕ್ಕೆಯಿಲ್ಲ ಎಂದರೆ ಮಿಲ್ಲು ನಡೆಯಬೇಕು. ಮಿಲ್ಲು ನಡೆಯಲು ಇನ್ನೊಬ್ಬ ಫಿಟರ್ ಬೇಕು.

೫

ಆ ಇನ್ನೊಬ್ಬ ಯಾರೆಂದು ಬರೆಯಲು ನನಗೆ ಮನಸ್ಸಿರಲಿಲ್ಲ. ಯಂಕೋಬನ ತಮ್ಮ, ಗೋವಿಂದರಾಜ. ಬ್ಯಾಗು ಹೆಗಲಿಗೇರಿಸಿ ಒಳಮನೆಯಿಂದ ಬಂದಿದ್ದಾನೆ.

“ವೈನಿ, ಜರಾ ಸರೀರಿ. ಅಲ್ಲಿ ಹೋದ್ರ ಅಣ್ಣನ ಸುದ್ದಿನಾದ್ರೂ ಸಿಗತೈತಿ. ಈ ಸಲ ಮಿಲ್ಟ್ರಿ ಕಾವಲೈತಂತ.”

“ಬ್ಯಾಡೋ ಗೋವಿಂದ. ಕಾವಲೈತಿ ಅಂತನ ಅವ್ರೂ ಹೋಗ್ಯಾರ.”

“ಮತ್ತ ಅಣ್ಣನ್ನ ಹುಡುಕೋರು ಯಾರು? ನೀವ ಹೇಳ್ರಿ.”

ಹುಲಗಮ್ಮ ಎರಡೂ ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು ಹೊಸ್ತಿಲ ಮೇಲೆ ನಿಂತಿದ್ದಾಳೆ. ಅವನನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ. ಹೊರಗೆ ಅವನನ್ನು ಕರೆದೊಯ್ಯಲು ಬಂದ ಜೀಪು ಹಾರ್ನ್ ಹೊಡೆಯುತ್ತಿದೆ.

ಓದುಗರೇ, ನಿಮಗೆ ಮುಂದಿನ ವಾಕ್ಯ ಬೇಕು. ಅದನ್ನು ಬರೆದರೆ ಒಂದೋ ಅವಳು ಸರಿಯಬೇಕು, ಇಲ್ಲ ಅವನು ತಳ್ಳಬೇಕು.

ಬರೆಯುವುದಿಲ್ಲ. ಹೊಡೆಯಲಿ ಹಾರ್ನ್.