ಮೊಣಕಾಲಿಗೊಂದು ಪೂಜೆ

ಇಗರ್ಜಿಯಲ್ಲಿ ಹೆಸರು ಕರೆದರೆ ಯಾರೂ ಎದ್ದು ನಿಲ್ಲುವುದಿಲ್ಲ. ಕಾಪುವಿನ ಕ್ರೈಸ್ತರಲ್ಲಿ ಇದು ಮೊಲೆ ಕುಡಿಯುವ ಮಗುವಿಗೂ ಗೊತ್ತು. ಭಾನುವಾರದ ಪೂಜೆ ಶುರುವಾಗುವ ಮೊದಲು ಫಾದರ್ ಮೈಕಿನ ಮುಂದೆ ಬಂದು, ಇಂದಿನ ಪೂಜೆ ಇಂಥವರ ಆತ್ಮಕ್ಕೆ ಶಾಂತಿ ಸಿಗಲೆಂದು, ಇಂಥವರ ಮಗಳಿಗೆ ಸುಖವಾಗಿ ಹೆರಿಗೆಯಾಗಲೆಂದು, ಇಂಥವರ ವೀಸಾ ಬೇಗ ಬರಲೆಂದು ಓದಿ ಹೇಳುತ್ತಾರೆ. ಹೆಸರಿನವರು ತಲೆ ತಗ್ಗಿಸಿ ಕುಳಿತಿರುತ್ತಾರೆ. ಉಳಿದವರು ಕಣ್ಣು ಮುಚ್ಚಿ ಪ್ರಾರ್ಥಿಸುವ ಹಾಗೆ ಕಂಡರೂ ಕಿವಿ ಮಾತ್ರ ಮೈಕಿನ ಕಡೆಗೇ ಇರುತ್ತದೆ. ಊರಿಗೆ ಪೇಪರು ಬರುವುದು ತಡವಾದರೂ ಸುದ್ದಿಗೆ ಯಾವತ್ತೂ ಬರಗಾಲವಿರಲಿಲ್ಲ.

ಎಂಬತ್ತೊಂದನೆಯ ಇಸವಿಯ ಆ ಭಾನುವಾರ ಫಾದರ್ ಓದಿದ್ದು ಇದು: "ಬುಧವಾರ ಮಣಿಪಾಲದಲ್ಲಿ ವಾಲ್ಟರ್ ಪಿರೇರಾ ಅವರ ಎಡ ಮೊಣಕಾಲಿನ ಆಪರೇಷನ್ ಚೆನ್ನಾಗಿ ಆಗಲೆಂದು, ಕಾನ್ಸೆಪ್ಟಾ ಪಿರೇರಾ ಕೊಟ್ಟ ಪೂಜೆ."

ಕಾನ್ಸೆಪ್ಟಾಳ ಮಗ ಲಿಡ್ವಿನ್ ಪಕ್ಕಕ್ಕೆ ತಿರುಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಪಕ್ಕದಲ್ಲಿದ್ದ ಆರಡಿಯ ಮನುಷ್ಯನಿಗೆ ಕೊಂಕಣಿಯ ಒಂದಕ್ಷರವೂ ಬಾರದು. ಆದರೆ ಮೈಕಿನಲ್ಲಿ ತನ್ನ ಹೆಸರು ಕೇಳಿದೊಡನೆ ಹದಿನಾಲ್ಕು ವರ್ಷಗಳ ಅಭ್ಯಾಸ ಅವನನ್ನು ಎಬ್ಬಿಸಿ ನಿಲ್ಲಿಸಿತ್ತು. ಅವನು ಬಲಗೈ ಮೇಲೆತ್ತಿ, ಬೆಂಚುಗಳಲ್ಲಿದ್ದವರಿಗೆಲ್ಲ ಆಟದ ಮೈದಾನದಲ್ಲಿ ಬೀಸುವಂತೆ ಬೀಸಿದ.

ಇಡೀ ಇಗರ್ಜಿ ತಿರುಗಿ ನೋಡಿತು. ಮೂರನೆಯ ಬೆಂಚಿನಿಂದ ತಿರುಗಿದ ಒಂದು ಮುಖವನ್ನು ಕಂಡು ಲಿಡ್ವಿನ್ ಅವನ ಅಂಗಿ ಹಿಡಿದು ಕೆಳಗೆ ಎಳೆದ. ಆ ಮುಖ ಕಾರ್ಕಳದ ಜೋಕಿಮನದು. ಹೆಂಡತಿಯ ಮನೆ ಕಾಪುವಿನಲ್ಲೇ ಇದ್ದುದರಿಂದ ರಜೆಯಲ್ಲಿ ಬಂದವನು ಇಲ್ಲಿಗೇ ಪೂಜೆಗೆ ಬಂದಿದ್ದ. ಗಲ್ಫಿನಲ್ಲಿ ವಾಲ್ಟರ್ ಆಡುತ್ತಿದ್ದ, ಲಿಡ್ವಿನ್ ಮಾಲೀಸು ಮಾಡುತ್ತಿದ್ದ ಅದೇ ಫುಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಅವನು ಮ್ಯಾನೇಜರನ ಬಲಗೈ.

ಯಾರಿಗೆ ಗೊತ್ತಾಗಬಾರದೆಂದು ಇಷ್ಟು ದೂರ ಬಂದಿದ್ದರೋ ಅವನಿಗೇ ಗೊತ್ತಾಗಿತ್ತು.

ವಾಲ್ಟರ್ ಉರುಗ್ವೆಯವನು. ಭೂಪಟದಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಸಣ್ಣ ದೇಶ, ಆದರೂ ಎರಡು ಸಲ ವಿಶ್ವಕಪ್ ಗೆದ್ದಿದೆ. ಅಲ್ಲಿ ಹುಡುಗರಿಗೆ ಕಾಲು ಬಂದೊಡನೆ ಚೆಂಡು ಬೇಕು, ಚೆಂಡು ಪಳಗಿದೊಡನೆ ಪರದೇಶದ ಕ್ಲಬ್ಬು ಬೇಕು. ಇವನೂ ಮೀಸೆ ಮೂಡುವ ಮೊದಲೇ ಊರು ಬಿಟ್ಟು ಈಕ್ವೆಡಾರಿಗೆ ಹೋದ. ಅಲ್ಲಿಂದ ಮೆಕ್ಸಿಕೋ, ಅಲ್ಲಿಂದ ಗ್ರೀಸು, ಕೊನೆಗೆ ಗಲ್ಫು. ಹೋದಲ್ಲೆಲ್ಲ ಗೋಲು ಹೊಡೆದ, ಹೋದಲ್ಲೆಲ್ಲ ಎಡ ಮೊಣಕಾಲಿಗೆ ಸೂಜಿ ಚುಚ್ಚಿಸಿಕೊಂಡ. ನೋವು ಹೋಗಲೆಂದಲ್ಲ, ಆಟ ಮುಗಿಯುವ ತನಕ ತಿಳಿಯದಿರಲೆಂದು.

ಗಲ್ಫಿನಲ್ಲಿ ಆ ಮೊಣಕಾಲು ಲಿಡ್ವಿನ್‌ನ ಕೈಗೆ ಬಂತು. ಅದಕ್ಕೂ ಮೊದಲು ಲಿಡ್ವಿನ್ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಐಸ್ ಒಡೆಯುತ್ತಿದ್ದ. ಸಂಜೆಯಾದರೆ ಬೆರಳುಗಳು ತನ್ನವೇ ಹೌದೋ ಅಲ್ಲವೋ ಎಂದು ಅನುಮಾನ ಬರುವಷ್ಟು ಮರಗಟ್ಟುತ್ತಿದ್ದವು. ಕ್ಲಬ್ಬಿಗೆ ನೆಲ ಒರೆಸುವ ಕೆಲಸಕ್ಕೆಂದು ಹೋದವನು ಒಂದು ದಿನ ವಾಲ್ಟರನ ಕಾಲಿಗೆ ಊರಿನ ತೆಂಗಿನೆಣ್ಣೆ ಹಚ್ಚಿ ನೀವಿದ. ಇನ್ನು ಮೇಲೆ ಈ ಕೈಗಳಿಲ್ಲದೆ ನಾನು ಮೈದಾನಕ್ಕೆ ಇಳಿಯುವುದಿಲ್ಲ ಎಂದು ವಾಲ್ಟರ್ ಹಟ ಹಿಡಿದ. ಹೀಗೆ ಲಿಡ್ವಿನ್‌ನ ವೀಸಾ ಆ ಮೊಣಕಾಲಿಗೆ ಗಂಟುಬಿತ್ತು.

ಮಾಲೀಸಿನ ಮೇಜಿನ ಮೇಲೆ ಇಬ್ಬರಿಗೂ ಒಂದು ಭಾಷೆ ಬೆಳೆಯಿತು. ಸ್ವಲ್ಪ ಸ್ಪ್ಯಾನಿಷ್, ಸ್ವಲ್ಪ ಕೊಂಕಣಿ, ಉಳಿದದ್ದು ಕೈಸನ್ನೆ. ಕ್ಲಬ್ಬಿನ ಡಾಕ್ಟರು ಸೂಜಿ ಹಿಡಿದು ಬಂದಾಗಲೆಲ್ಲ ಲಿಡ್ವಿನ್‌ನ ಹೆಬ್ಬೆರಳು ಅವನಿಗೇ ತಿಳಿಯದಂತೆ ಮೊಣಕಾಲಿನ ಒಳಬದಿಗೆ, ಬಾತಿರುವ ಜಾಗಕ್ಕೆ ಹೋಗಿ ಅದನ್ನು ಮುಚ್ಚಿ ನಿಲ್ಲುತ್ತಿತ್ತು. ಡಾಕ್ಟರು ಅದನ್ನು ಪಕ್ಕಕ್ಕೆ ಸರಿಸಿ ಚುಚ್ಚುತ್ತಿದ್ದರು. ಬೇಡ ಎಂದು ಬಾಯಿಬಿಟ್ಟರೆ ಲಿಡ್ವಿನ್‌ಗೆ ಮಲ್ಪೆಯ ಐಸು ಕಾದಿತ್ತು.

ಈ ವರ್ಷ ಕಾಲು ಮಡಚಲೇ ಕಷ್ಟವಾದಾಗ ಲಿಡ್ವಿನ್‌ನೇ ಉಪಾಯ ಹೇಳಿದ. ಲೀಗಿನ ಮಧ್ಯೆ ಸಿಕ್ಕುವ ರಜೆಯಲ್ಲಿ ಬೊಂಬಾಯಿ ನೋಡಲು ಹೋಗುತ್ತೇವೆಂದು ಹೇಳಿ ಮಣಿಪಾಲಕ್ಕೆ ಹೋಗುವುದು, ಗುಟ್ಟಾಗಿ ಕಾಲು ತೋರಿಸಿಕೊಂಡು ಬರುವುದು. ಕೊಯ್ಯಬೇಕಾದರೆ ಕೊಯ್ಯಿಸುವುದು, ಬಿದ್ದು ಉಳುಕಿತು ಎಂದು ಕ್ಲಬ್ಬಿಗೆ ತಂತಿ ಕೊಡುವುದು. ಮಂಗಳವಾರ ನೋಡಿ, ಬೇಕಾದರೆ ಬುಧವಾರವೇ ಕೊಯ್ಯುವುದೆಂದು ಆಸ್ಪತ್ರೆಯವರು ದಿನವನ್ನೂ ಗೊತ್ತುಮಾಡಿದ್ದರು. ಉಪಾಯವೇನೋ ಚೆನ್ನಾಗಿತ್ತು, ಅದರಲ್ಲಿ ಕಾನ್ಸೆಪ್ಟಾ ಬಾಯಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೆ.

ಲಿಡ್ವಿನ್‌ನ ತಾಯಿ ಕಾನ್ಸೆಪ್ಟಾಗೆ ಬಂದವನು ಪಿರೇರಾ ಎಂದು ಕೇಳಿದ್ದೇ ಸಾಕಾಯಿತು. ನಮ್ಮವನೇ, ಹಿಂದೆ ಯಾರೋ ಹಡಗು ಹತ್ತಿ ಹೋದವರ ಮೊಮ್ಮಗನಿರಬೇಕು ಎಂದು ತೀರ್ಮಾನಿಸಿಬಿಟ್ಟಳು. ಅವನು ತನ್ನೂರಿನ ರೂಢಿಯಂತೆ ತಗಡಿನ ಕೊಳವೆಯಲ್ಲಿ ಹೀರುತ್ತಿದ್ದ ಹಸಿರು ಸೊಪ್ಪಿನ ನೀರನ್ನು ರುಚಿ ನೋಡಿ, ಕಷಾಯಕ್ಕೆ ಇಷ್ಟು ಕಹಿ ಆಗದು ಎಂದು ಬೆಲ್ಲ ಹಾಕಿದಳು. ಮನೆಯ ಹುಡುಗನ ಕಾಲು ಕೊಯ್ಯುವಾಗ ಪೂಜೆ ಕೊಡದೆ ಇರುವುದುಂಟೆ?

"ಎಂತ ಮಾಡಿದ್ದು ಮಾಯ್ ನೀನು?" ಮನೆಗೆ ಬಂದೊಡನೆ ಲಿಡ್ವಿನ್ ಹಾರಾಡಿದ. "ಯಾರಿಗೂ ಹೇಳಬಾರದು ಅಂದಿದ್ದೆ ಅಲ್ವಾ?"

"ಯಾರಿಗೆ ಹೇಳಿದೆ ನಾನು? ದೇವರಿಗೆ ಹೇಳಿದೆ."

"ಮೈಕಿನಲ್ಲಿ ಹೇಳಿಸಿದೆ!"

"ದೇವರಿಗೆ ಹೇಳಿದ್ದು ಮೈಕಿನಲ್ಲೇ ಬರುವುದು. ಅದು ನನ್ನ ತಪ್ಪಾ?" ಕಾನ್ಸೆಪ್ಟಾ ತಲೆಯ ಮೇಲಿನ ಬಟ್ಟೆ ತೆಗೆದು ಮಡಚಿದಳು. "ಹುಡುಗ ಎಷ್ಟು ಚಂದ ಎದ್ದು ನಿಂತ. ಎಲ್ಲರಿಗೂ ಖುಷಿಯಾಯಿತು."

ಸೋಮವಾರ ಸಂಜೆ ಜೋಕಿಮ್ ಬಂದ. ಕಾಫಿ ಕುಡಿದ, ಹಲಸಿನ ಹಪ್ಪಳ ತಿಂದ, ಕಾನ್ಸೆಪ್ಟಾಳ ಗಂಟುನೋವು ವಿಚಾರಿಸಿದ. ಲಿಡ್ವಿನ್‌ಗೆ ಒಂದೊಂದು ಹಪ್ಪಳ ಮುರಿಯುವ ಸದ್ದೂ ತಲೆಗೆ ಬಡಿದಂತಾಗುತ್ತಿತ್ತು. ಕೊನೆಗೆ ಜೋಕಿಮ್ ಅವನನ್ನು ಅಂಗಳಕ್ಕೆ ಕರೆದ.

"ನೋಡು ಲಿಡ್ವಿನ್, ಮ್ಯಾನೇಜರಿಗೆ ಟ್ರಂಕ್ ಕಾಲ್ ಮಾಡಿದೆ. ನನ್ನ ಮೇಲೆ ಸಿಟ್ಟಾಗಬೇಡ. ನಾಳೆ ಬೇರೆಯವರು ಹೇಳಿದರೆ, ಅಲ್ಲೇ ಇದ್ದು ನೀನು ಎಂತಕ್ಕೆ ಹೇಳಲಿಲ್ಲ ಅಂತ ನನ್ನ ಕುತ್ತಿಗೆಗೆ ಬರುತ್ತದೆ."

"ಅವರು ಎಂತ ಹೇಳಿದರು?"

"ಕಪ್ ಫೈನಲ್ ಶುಕ್ರವಾರಕ್ಕೇ ಇಟ್ಟುಬಿಟ್ಟಿದ್ದಾರೆ, ರಜೆ ಅರ್ಧಕ್ಕೇ ಮುಗಿಸಿದ್ದಾರೆ. ಅವನು ಬಂದು ಆಡಿದರೆ ಯಾರೂ ಏನೂ ಕೇಳುವುದಿಲ್ಲ. ಬರುವ ವರ್ಷವೂ ಅವನೇ, ನೀನೂ ಇರುತ್ತಿ. ಕಾಲು ಕೊಯ್ಸಿಕೊಂಡರೆ ಇಬ್ಬರೂ ಅಲ್ಲಿಯೇ ಇರಿ ಅಂದರು." ಜೋಕಿಮ್ ಧ್ವನಿ ತಗ್ಗಿಸಿದ. "ನಾಳೆ ಮಣಿಪಾಲಕ್ಕೆ ಟ್ಯಾಕ್ಸಿ ತರುತ್ತೇನೆ. ಅಲ್ಲಿಂದ ಸೀದಾ ಬಜ್ಪೆ, ವಿಮಾನ. ಅವನಿಗೆ ನೀನು ಹೇಳು ಮಾರಾಯ. ನಿನ್ನ ಮಾತು ಕೇಳುತ್ತಾನೆ."

ಲಿಡ್ವಿನ್ ಹೇಳಿದ. ವಾಲ್ಟರ್ ಜಗಲಿಯಲ್ಲಿ ಕುಳಿತು, ಬೆಲ್ಲ ಹಾಕಿದ ತನ್ನ ಸೊಪ್ಪಿನ ನೀರನ್ನು ಮುಗಿಸಿದ. ಆಮೇಲೆ, ಡಾಕ್ಟರನ್ನು ಕೇಳೋಣ, ಆಡಬಹುದು ಎಂದರೆ ಹೋಗುತ್ತೇನೆ, ಬೇಡ ಎಂದರೆ ಇಲ್ಲೇ ಮಲಗುತ್ತೇನೆ ಎಂದ. ಇನ್ನೊಂದು ವರ್ಷ ಆಡಿ, ತನ್ನೂರಿನ ಮೈದಾನದಲ್ಲಿ ಒಂದೇ ಒಂದು ಆಟ ಆಡಿ ಬಿಡಬೇಕೆಂಬ ಆಸೆ ಅವನಿಗಿತ್ತು. ಅದನ್ನು ಅವನು ಎಷ್ಟೋ ಸಲ ಹೇಳಿದ್ದ.

ಮಂಗಳವಾರ ಮಣಿಪಾಲದ ಆಸ್ಪತ್ರೆಯ ಹೊರಗೆ ಟ್ಯಾಕ್ಸಿ ನಿಂತಿತ್ತು. ಜೋಕಿಮ್ ಬಾಗಿಲು ತೆರೆದಿಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ ವಾಚು ನೋಡುತ್ತಿದ್ದ. ಒಳಗೆ ಡಾಕ್ಟರ್ ಕರುಣಾಕರ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮೊಣಕಾಲನ್ನು ಮಡಚಿದರು, ಬಿಡಿಸಿದರು. ವಾಲ್ಟರನ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಕಾನ್ಸೆಪ್ಟಾ ಮೂಲೆಯ ಸ್ಟೂಲಿನಲ್ಲಿ ಜಪಮಾಲೆ ಎಣಿಸುತ್ತಿದ್ದಳು.

"ಇವರಿಗೆ ಇಂಗ್ಲಿಷ್ ಬರುತ್ತದಾ?" ಡಾಕ್ಟರ್ ಕೇಳಿದರು.

"ಇಲ್ಲ ಡಾಕ್ಟ್ರೇ. ನಾನು ಹೇಳುತ್ತೇನೆ."

"ಹಾಗಾದರೆ ಸರಿಯಾಗಿ ಹೇಳಿ. ಒಳಗಿನ ಮೆತ್ತೆ ಹರಿದು ಸಿಕ್ಕಿಕೊಂಡಿದೆ. ನಾಳೆ ತೆಗೆದರೆ ನಡೆಯುತ್ತಾರೆ, ಓಡುತ್ತಾರೆ, ಮಕ್ಕಳ ಜೊತೆ ಆಡುತ್ತಾರೆ. ದೊಡ್ಡ ಆಟ ಮುಗಿಯಿತು. ಸೂಜಿ ಚುಚ್ಚಿಸಿಕೊಂಡು ಇನ್ನೊಂದು ಮ್ಯಾಚ್ ಆಡಿದರೆ, ಆಡಿಯಾರು. ಆದರೆ ಆಮೇಲೆ ಈ ಕಾಲು ಮಡಚುತ್ತದೆ ಅಂತ ನಾನು ಹೇಳುವುದಿಲ್ಲ."

ವಾಲ್ಟರ್ ಲಿಡ್ವಿನ್‌ನ ಮುಖ ನೋಡಿದ. ಡಾಕ್ಟರೂ ನೋಡಿದರು. ಕಾನ್ಸೆಪ್ಟಾಳ ಮಣಿಗಳೂ ನಿಂತವು.

ಲಿಡ್ವಿನ್ ಕೆಟ್ಟವನಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಮುಂದೆ ಅವನು ಮಾಡಿದ್ದು ಕೆಟ್ಟ ಕೆಲಸವೇ. ಅವನ ಕಣ್ಣ ಮುಂದೆ ಐಸಿನ ದಿಮ್ಮಿಗಳು ಬಂದವು. ಮಲ್ಪೆಯಲ್ಲಿ ಮೀನಿನ ಲಾರಿಗಳು ಹಾರನ್ ಹೊಡೆದು ಅವಸರಪಡಿಸುವುದು, ಮರಗಟ್ಟಿದ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಊಟಕ್ಕೆ ಹೋಗುವುದು, ಗಲ್ಫಿಗೆ ಹೋಗಿ ವಾಪಸು ಬಂದವನೆಂದು ಬಸ್ಸಿನಲ್ಲಿ ಜನ ನಗುವುದು ಎಲ್ಲ ಒಟ್ಟಿಗೆ ಬಂತು. ಒಂದು ಸೂಜಿ. ಎಷ್ಟೋ ಸೂಜಿ ಚುಚ್ಚಿಸಿಕೊಂಡ ಕಾಲು ಇನ್ನೊಂದನ್ನು ತಡೆಯದೇ? ಡಾಕ್ಟರೂ ಆಡಿಯಾರು ಎಂದೇ ಹೇಳಿದ್ದಲ್ಲವೇ?

ಅವನು ಮೇಜಿನ ಹತ್ತಿರ ಬಂದು, ರೂಢಿಯಂತೆ ಎರಡೂ ಕೈಗಳನ್ನು ಆ ಮೊಣಕಾಲಿನ ಮೇಲಿಟ್ಟ.

"ಆಡಬಹುದಂತೆ," ಎಂದ ಅವರಿಬ್ಬರ ಭಾಷೆಯಲ್ಲಿ. "ಶುಕ್ರವಾರ ಆಡಬಹುದಂತೆ."

ವಾಲ್ಟರ್ ಉಸಿರು ಬಿಟ್ಟ. ಕಾಲಿನ ಕಡೆ ನೋಡಿ ಎದ್ದು ಕೂರಲು ಹೊರಟವನು ಅರ್ಧದಲ್ಲೇ ತಡೆದುಕೊಂಡ. ಅವನ ಕಣ್ಣು ಎಲ್ಲಿದೆಯೆಂದು ಲಿಡ್ವಿನ್‌ಗೆ ತುಸು ಹೊತ್ತು ತಿಳಿಯಲಿಲ್ಲ. ಆಮೇಲೆ ತಾನೂ ಕೆಳಗೆ ನೋಡಿದ. ತನ್ನ ಬಲಗೈಯ ಹೆಬ್ಬೆರಳು ಮೊಣಕಾಲಿನ ಒಳಬದಿಗೆ ಹೋಗಿ, ಬಾತ ಜಾಗವನ್ನು ಮುಚ್ಚಿ ನಿಂತಿತ್ತು.

ಅವನು ಬೆರಳನ್ನು ತೆಗೆಯಲು ನೋಡಿದ. ವಾಲ್ಟರ್ ಬಿಡಲಿಲ್ಲ. ತನ್ನ ಕೈಯನ್ನು ಆ ಬೆರಳಿನ ಮೇಲೆ ಒತ್ತಿ ಹಿಡಿದು, ಮೆಲ್ಲಗೆ ಕೇಳಿದ: "ಡಾಕ್ಟರು ಹೇಳಿದ್ದನ್ನು ಇನ್ನೊಂದು ಸಲ ಹೇಳು."

ಲಿಡ್ವಿನ್ ಹೇಳಿದ, ಎಲ್ಲವನ್ನೂ ಹೇಳಿದ. ಮೆತ್ತೆ ಹರಿದದ್ದು, ಆಡಿದರೆ ಕಾಲು ಇನ್ನು ಮಡಚದಿರುವುದು, ದೊಡ್ಡ ಆಟ ಮುಗಿದದ್ದು. ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು. ಅದು ಆ ಕಾಲಿಗಾಗಿಯೋ ಐಸಿಗಾಗಿಯೋ ಅವನಿಗೂ ತಿಳಿಯಲಿಲ್ಲ. ವಾಲ್ಟರ್ ತುಂಬ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ತನ್ನೂರಿನ ಮೈದಾನದ ಆ ಒಂದು ಆಟವನ್ನು ಬಹುಶಃ ಅಲ್ಲಿಯೇ ಆಡಿ ಮುಗಿಸುತ್ತಿದ್ದ. ಆಮೇಲೆ ಲಿಡ್ವಿನ್‌ನ ಕಡೆ ತಿರುಗಿ ಎರಡು ಮಾತು ಹೇಳಿದ.

"ಎಂತ ಹೇಳ್ತಾನೆ ಹುಡುಗ?" ಕಾನ್ಸೆಪ್ಟಾ ಕೇಳಿದಳು.

"ಇಲ್ಲೇ ಇರ್ತಾನಂತೆ ಮಾಯ್." ಲಿಡ್ವಿನ್ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. "ಜೋಕಿಮ್‌ಗೆ ಟ್ಯಾಕ್ಸಿ ವಾಪಸು ತೆಗೆದುಕೊಂಡು ಹೋಗಲಿಕ್ಕೆ ಹೇಳಿ ಬರುತ್ತೇನೆ."

ಹೇಳಿ ಬಂದ. ಜೋಕಿಮ್ ಬೈಯಲಿಲ್ಲ. ನೀನು ಹೀಗೆ ಮಾಡಬಾರದಿತ್ತು ಮಾರಾಯ ಎಂದಷ್ಟೇ ಹೇಳಿ, ತೆರೆದಿಟ್ಟ ಬಾಗಿಲನ್ನು ಹಾಕಿಕೊಂಡು ಕಾರ್ಕಳದ ದಾರಿ ಹಿಡಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಎರಡು ವಾರ ಕಳೆದ ಮೇಲೆ, ಊರಿಗೆ ಹೊರಡುವ ಮುಂಚೆ ಒಮ್ಮೆ ಇಗರ್ಜಿಗೆ ಬರಬೇಕೆಂದು ವಾಲ್ಟರ್‌ನೇ ಕೇಳಿಕೊಂಡ. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕುಳಿತ. ಹೆಂಗಸರ ಕಡೆಯಲ್ಲಿ ಕಾನ್ಸೆಪ್ಟಾ ತೀರ ಅಮಾಯಕಳ ಮುಖ ಮಾಡಿಕೊಂಡಿದ್ದಳು. ಅದನ್ನು ಕಂಡಾಗಲೇ ಲಿಡ್ವಿನ್‌ಗೆ ಅನುಮಾನ ಬರಬೇಕಿತ್ತು.

ಫಾದರ್ ಮೈಕಿನ ಮುಂದೆ ಬಂದರು. "ಇಂದಿನ ಪೂಜೆ, ವಾಲ್ಟರ್ ಪಿರೇರಾ ಅವರ ಕಾಲು ಗುಣವಾದದ್ದಕ್ಕೆ ಕೃತಜ್ಞತೆಯಾಗಿ."

ವಾಲ್ಟರ್ ಏಳಹೋದ. ಏಳಲು ಆಗಲಿಲ್ಲ, ಊರುಗೋಲು ಬೆಂಚಿಗೆ ಸಿಕ್ಕಿ ಜಾರಿತು. ಈ ಸಲ ಲಿಡ್ವಿನ್ ತಡೆಯಲಿಲ್ಲ. ತಾನೂ ಎದ್ದು ಅವನ ತೋಳಿನ ಕೆಳಗೆ ಹೆಗಲು ಕೊಟ್ಟು ನಿಲ್ಲಿಸಿದ. ವಾಲ್ಟರ್ ಕೈ ಎತ್ತಿ ಬೀಸಿದ. ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು, ಯಾರೋ ತಾವೂ ಕೈ ಎತ್ತಿದರು.

ಫಾದರ್ ಓದು ನಿಲ್ಲಿಸಿರಲಿಲ್ಲ. "ಹಾಗೂ, ಗಲ್ಫಿನ ಕೆಲಸ ಕಳೆದುಕೊಂಡ ಲಿಡ್ವಿನ್ ಪಿರೇರಾಗೆ ಊರಿನಲ್ಲಿ ಒಂದು ಕೆಲಸ ಸಿಗಲೆಂದು."

ಎಲ್ಲ ತಲೆಗಳೂ ಒಟ್ಟಿಗೆ ತಿರುಗಿದವು. ಲಿಡ್ವಿನ್ ಮಾಯ್ ಎಂದು ಹಲ್ಲು ಕಚ್ಚಿದ. ಕೂತು ತಲೆ ತಗ್ಗಿಸಿದರೆ ಸಾಕು, ಉಳಿದವರೆಲ್ಲ ಹಾಗೆಯೇ ಮಾಡುವುದು. ವಾಲ್ಟರ್‌ಗೆ ಆ ಮಾತಿನಲ್ಲಿ ತಿಳಿದದ್ದು ಒಂದೇ, ಲಿಡ್ವಿನ್‌ನ ಹೆಸರು. ಅವನು ಮುಖವರಳಿಸಿ, ಮೈಯ ಭಾರವನ್ನೆಲ್ಲ ಆ ಹೆಗಲಿನ ಮೇಲೆ ಬಿಟ್ಟು, ನಿನ್ನನ್ನೇ ಕರೆದರು, ಕೈ ಎತ್ತು ಎಂದು ಸನ್ನೆ ಮಾಡಿದ.

ಕೂತರೆ ಅವನು ಬೀಳುತ್ತಿದ್ದ. ಲಿಡ್ವಿನ್ ನಿಂತೇ ಇದ್ದ.