ಉಪೇಂದ್ರನ ಭಾನುವಾರದ ಮಕ್ಕಳು

ಹನುಮಂತರಾಯರು ಹಾರ ಹಾಕಲು ಮುಂದೆ ಬಂದರೆ ಕಾಲಿಡಲು ಜಾಗವಿರಲಿಲ್ಲ. ಉಪೇಂದ್ರನ ಶವವಿದ್ದ ಫ್ರೀಜರ್ ಪೆಟ್ಟಿಗೆಯ ಸುತ್ತ ಚಾಪೆಯ ತುಂಬ ಮಕ್ಕಳು ಕೂತಿದ್ದರು. ಅವರ ನಡುವೆ ತಮ್ಮ ಮೊಮ್ಮಗಳು ನಿರೀಕ್ಷಾ! ಶಾಲೆಗೆಂದು ಹೊರಟವಳು ಇಲ್ಲಿದ್ದಾಳೆ. ರಾಯರು ಹೇಗೋ ಕೈ ಚಾಚಿ ಹಾರ ಇಟ್ಟು ಹಿಂದೆ ಸರಿದರು.

"ನಸುಕಿನ್ಯಾಗ ಎದಿ ಹಿಡದೈತಿ ಅಂದ್ರು, ಸಾಹೇಬ್ರ, ಅಷ್ಟ," ಎಂದಳು ಉಪೇಂದ್ರನ ಹೆಂಡತಿ ಕಮಲಾಕ್ಷಿ.

ರಾಯರು, ಉಪೇಂದ್ರ ಇಬ್ಬರೂ ರಾಯಚೂರಿನಿಂದ ಹೈದರಾಬಾದಿಗೆ ಬಂದು, ರಕ್ಷಣಾ ಇಲಾಖೆಯ ಒಂದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ರಾಯರು ಅಧಿಕಾರಿ, ಉಪೇಂದ್ರ ಟೆಕ್ನೀಷಿಯನ್. ನಿವೃತ್ತಿಯ ನಂತರ ರಾಯರು ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸಿದರು. ಅದರ ಬೋರ್ಡಿನ ಮೇಲೆ ಅವರ ಫೋಟೊ ಇತ್ತು. ಉಪೇಂದ್ರ ಭಾನುವಾರಗಳಂದು ಓಣಿಯ ಮಕ್ಕಳನ್ನು ಇದೇ ಪಡಸಾಲೆಯಲ್ಲಿ ಕೂರಿಸಿಕೊಂಡು, ಬ್ಯಾಟರಿ, ತಂತಿ, ಪುಟ್ಟ ಸ್ಪೀಕರು ಜೋಡಿಸಿ ಸದ್ದು ಹೊರಡಿಸುವುದನ್ನು ಕಲಿಸುತ್ತಿದ್ದ.

ಹೋದ ತಿಂಗಳು ರಾಯರು ಡೆಂಗಿಯಿಂದ ಮಲಗಿದ್ದಾಗ ಅವರ ಸಾವಿರಾರು ಶಿಷ್ಯರಲ್ಲಿ ಒಬ್ಬನೂ ಬಂದಿರಲಿಲ್ಲ. ಸ್ಪೀಕರಿನಿಂದ ಪೀಪಿ ಊದಿಸಿದವನಿಗೆ ಇಷ್ಟು ಕಣ್ಣೀರೇ? ಸತ್ತವನ ಮೇಲೆ ಹೊಟ್ಟೆ ಉರಿಯಿತು.

*

ಹೋದ ವರ್ಷ ಒಂದು ಭಾನುವಾರ ನಿರೀಕ್ಷಾಳನ್ನು ಕರೆದೊಯ್ಯಲು ರಾಯರು ಇಲ್ಲಿಗೆ ಬಂದಾಗ, ಅವಳು ಸದ್ದು ಮಾಡದ ಸರ್ಕ್ಯೂಟಿನ ಮುಂದೆ ಕೂತಿದ್ದಳು. ಮನೆಯಲ್ಲಿ ಒಂದು ಲೆಕ್ಕ ತಪ್ಪಿದರೆ ಅಳುವ ಹುಡುಗಿ ಇಲ್ಲಿ ಒಂದೊಂದೇ ತಂತಿಯನ್ನು ಸಾವಕಾಶವಾಗಿ ಮುಟ್ಟಿ ನೋಡುತ್ತಿದ್ದಳು. ಉಪೇಂದ್ರ ಪಕ್ಕದಲ್ಲಿ ಸುಮ್ಮನಿದ್ದ.

ರಾಯರಿಗೆ ತಪ್ಪು ಒಂದೇ ನೋಟಕ್ಕೆ ಕಂಡಿತು. ಬಗ್ಗಿ, ಒಂದು ತಂತಿ ಕಿತ್ತು ಹಲಗೆಯ ಪಕ್ಕದ ತೂತಿಗೆ ಚುಚ್ಚಿದರು. ಸ್ಪೀಕರು ಕಿರ್ರೆಂದು ಕೂಗಿತು. ಮೊಮ್ಮಗಳ ಮುಖ ಬಾಡಿತು.

"ಏನ್ ಮಾಡಿದ್ರಿ ಸಾಹೇಬ್ರ," ಎಂದ ಉಪೇಂದ್ರ. "ನನಗೂ ಕಂಡಿತ್ತು. ಆಕಿ ಅರ್ಧಾ ತಾಸಿನಿಂದ ಹುಡಕಾಕತ್ತಿದ್ಲು. ಇನ್ನೇನು ಆಕೀಗೇ ಸಿಗತಿತ್ತು."

ಆಗ ನಿರೀಕ್ಷಾ ಅವನತ್ತ ನೋಡಿದ ನೋಟ ರಾಯರ ಕಡೆಗೆ ಎಂದೂ ತಿರುಗಿರಲಿಲ್ಲ. ಮರುದಿನವೇ ಅವಳನ್ನು ಬಿಡಿಸಿದರು. ಉಪೇಂದ್ರನಿಗೆ, "ಆಕೀಗೆ ಪರೀಕ್ಷಾ ಐತಿ," ಎಂದರು. ಅವಳಿಗೆ, "ಉಪೇಂದ್ರ ಮೇಷ್ಟ್ರು ಇನ್ನು ಬರಬ್ಯಾಡ ಅಂದಾರ," ಎಂದರು.

*

"ಪರೀಕ್ಷಾ ಮುಗದ್ರೂ ನಿರೀಕ್ಷಾ ಯಾಕ ಬರಲಿಲ್ಲ ಅಂತ ಇವರು ಭಾಳ ಸಲ ಕೇಳತಿದ್ರು," ಎಂದಳು ಕಮಲಾಕ್ಷಿ.

ನಿರೀಕ್ಷಾ ತಿರುಗಿ ನೋಡಿದಳು. "ಯಾವ ಪರೀಕ್ಷಾ, ಅಜ್ಜಾ?"

ರಾಯರ ಮಾತು ಬೇರೆಯೇ ದಾರಿ ಹಿಡಿಯಿತು. "ಅಂಥಾದ್ದೇನು ಕಲತೀ ಇಲ್ಲಿ?"

"ಸದ್ದು ಬರಲಿಲ್ಲಂದ್ರ ನಾ ದಡ್ಡಿ ಅಲ್ಲಂತ ಕಲತೆ," ಎಂದಳು ಹುಡುಗಿ. "ಎಲ್ಲೋ ಒಂದು ತಂತಿ ಬಿಟ್ಟಿರತೈತಿ, ಅಷ್ಟ. ನನ್ನ ಬರಬ್ಯಾಡ ಅಂದವರು ಅವರಲ್ಲ, ಹೌದಲ್ಲ?"

ಉತ್ತರಕ್ಕೆ ಕಾಯದೆ ಅವಳು ಮತ್ತೆ ಶವದ ಕಡೆ ತಿರುಗಿ ಕೂತಳು.

ಹೊರಗೆ ವ್ಯಾನು ಬಂತು. ಯಾರೋ ಶವವಿದ್ದ ಫ್ರೀಜರ್ ಪೆಟ್ಟಿಗೆಯ ಸ್ವಿಚ್ಚು ಆರಿಸಿದರು. ಬೆಳಗಿನಿಂದ ಗುಂಯ್‌ಗುಡುತ್ತಿದ್ದ ಅದರ ಮೋಟರಿನ ಸದ್ದು ನಿಂತಿತು. ದೊಡ್ಡವರು ಅದನ್ನು ಗಮನಿಸಲಿಲ್ಲ. ಯಾರು ಹೆಗಲು ಕೊಡಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಮಾತು ನಡೆದೇ ಇತ್ತು.

ಚಾಪೆಯ ಮೇಲಿನ ಮಕ್ಕಳು ಮಾತ್ರ, ಎಲ್ಲರೂ ಒಟ್ಟಿಗೇ, ತಲೆಯೆತ್ತಿದರು.